ಗ್ಯಾಸ್ ಮಾತ್ರೆ: 40 ಅಂದ್ರೆ 20ಕ್ಕಿಂತ ಜೋರಾ?

ಪ್ರಶ್ನೆ: ಅಪ್ಪನಿಗೆ ಎದೆ ಉರಿಗೆ ಡಾಕ್ಟ್ರು ಪ್ಯಾಂಟೊಪ್ರಜೋಲ್ 40 ಕೊಟ್ಟಿದ್ದಾರೆ, ನೆರೆಮನೆ ಮಾವನಿಗೆ ರಾಬೆಪ್ರಜೋಲ್ 20. ಅಪ್ಪಂದು ಡಬಲ್ ಪವರ್ ಅಲ್ವಾ?
- ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಲ್ಲ, ಮಿಲಿಗ್ರಾಂ ನೋಡಿ ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ದಿನದಲ್ಲಿ ಎಷ್ಟು ಹೊತ್ತು ಹೊಟ್ಟೆಯ ಪಿಎಚ್ (ಆಸಿಡ್ ಅಳತೆ, ಅಂಕಿ ಏರಿದಷ್ಟು ಆಸಿಡ್ ಕಮ್ಮಿ) 4ಕ್ಕಿಂತ ಮೇಲೆ ಇರ್ತದೆ ಅಂತ ಅಳೆದು ಹೋಲಿಸಿದ್ರೆ ಪ್ಯಾಂಟೊಪ್ರಜೋಲ್ 40 ಅಂದ್ರೆ ಹೆಚ್ಚುಕಮ್ಮಿ ಒಮೆಪ್ರಜೋಲ್ (ಇದೇ ಜಾತಿಯ ಇನ್ನೊಂದು ಮದ್ದು) 9 ಮಿಲಿಗ್ರಾಂನಷ್ಟು, ರಾಬೆಪ್ರಜೋಲ್ 20 ಆದ್ರೆ ಒಮೆಪ್ರಜೋಲ್ 36ರ ಹತ್ತಿರ, ಅಂದ್ರೆ ಮಾವಂದೇ ಜೋರು. ಹಾಗಂತ ಅಪ್ಪನ ಮಾತ್ರೆ ನೀವೇ ಬದಲಾಯಿಸ್ಬೇಡಿ, ಅವರಿಗೆ ಉರಿ ನಿಂತಿದ್ರೆ ಅಷ್ಟು ಶಕ್ತಿ ಸಾಕು ಅಂತಲೇ ಅರ್ಥ.

ನನ್ನ ಪ್ರಕಾರ ಹೆಸರಿಗಿಂತ ಹೊತ್ತು ಮುಖ್ಯ. ಈ ಮದ್ದುಗಳು ಹೊಟ್ಟೆಯಲ್ಲಿ ಆಸಿಡ್ ಸುರಿಸುವ ಪಂಪನ್ನು ಅದು ಕೆಲಸ ಮಾಡುವಾಗ ಹಿಡಿಯುದು, ಪಂಪ್ ಚುರುಕಾಗುದು ಊಟ ಹೊಟ್ಟೆಗೆ ಬಿದ್ದಾಗ, ಹಾಗಾಗಿ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲೇ ಮಾತ್ರೆ ತಗೊಳ್ಬೇಕು, ತುಂಬ ಜನ ಗಂಜಿ ಉಂಡಾದ ಮೇಲೆ ನುಂಗ್ತಾರೆ. ಪೂರ್ತಿ ಪರಿಣಾಮಕ್ಕೆ 3-5 ದಿನ ಬೇಕು. ಫಾಮೊಟಿಡಿನ್ ಅನ್ನುವ ಬೇರೆ ಜಾತಿಯ ಗ್ಯಾಸ್ ಮಾತ್ರೆ ಬೇಗ ಹಿಡೀತದೆ, ಆದ್ರೆ ದಿನಾ ತಿಂದ್ರೆ ಒಂದೆರಡು ವಾರದಲ್ಲಿ ಶಕ್ತಿ ಇಳೀತದೆ.

ನುಂಗ್ಲಿಕ್ಕೆ ಕಷ್ಟ, ತೂಕ ಇಳಿಯುದು, ಮಲ ಕಪ್ಪಾಗುದು ಇದ್ರೆ ಮಾತ್ರೆ ಹೋಲಿಸ್ತಾ ಕೂರ್ಬೇಡಿ, ಕೂಡ್ಲೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ.