ಓದುಗರ ಪ್ರಶ್ನೆಗೆ ಉತ್ತರ: ಯೆಹೂದಿ ಆಹಾರ ನಿಯಮದಲ್ಲಿ ಶುದ್ಧ ಮತ್ತು ಅಶುದ್ಧ ಪ್ರಾಣಿಗಳು

ಯೆಹೂದಿ ಧರ್ಮದ ಆಹಾರ ನಿಯಮಗಳ ಬಗ್ಗೆ ಬಂದ ಹಲವು ಪತ್ರಗಳಲ್ಲಿ ಒಂದೇ ಬಗೆಯ ಸಂದೇಹಗಳನ್ನು ಒಟ್ಟುಗೂಡಿಸಿ ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ಯೆಹೂದಿಗಳು ಹಂದಿಮಾಂಸ ತಿನ್ನುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಂಟೆ ಮತ್ತು ಮೊಲ ಕೂಡ ನಿಷಿದ್ಧವೆಂದು ಓದಿದೆ. ಇವುಗಳನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿದ ಮಾನದಂಡ ಯಾವುದು?

ಉತ್ತರ: ಯೆಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಈ ವಿಷಯ ಮುಖ್ಯವಾಗಿ ಎರಡು ಕಡೆ ಬರುತ್ತದೆ: ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ ಮತ್ತು ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿ. ನೆಲದ ಮೇಲಿನ ಪ್ರಾಣಿಗಳಿಗೆ ಅಲ್ಲಿ ಹೇಳಿರುವ ಗುರುತುಗಳು ಎರಡೇ. ಗೊರಸು ಪೂರ್ತಿಯಾಗಿ ಸೀಳಿರಬೇಕು, ಜೊತೆಗೆ ಪ್ರಾಣಿ ಮೆಲುಕು ಹಾಕುವಂಥದ್ದಾಗಿರಬೇಕು. ಎರಡೂ ಇದ್ದರೆ ಶುದ್ಧ, ಒಂದೇ ಇದ್ದರೆ ಅಶುದ್ಧ. ಧರ್ಮೋಪದೇಶಕಾಂಡ ಎತ್ತು, ಕುರಿ, ಮೇಕೆಗಳೊಂದಿಗೆ ಜಿಂಕೆಯ ಜಾತಿಯವೂ ಸೇರಿ ಹತ್ತು ಶುದ್ಧ ಪ್ರಾಣಿಗಳನ್ನು ಹೆಸರಿಸುತ್ತದೆ. ಕುದುರೆ, ಕತ್ತೆ, ನಾಯಿ, ಸಿಂಹ ಮುಂತಾದವುಗಳಲ್ಲಿ ಎರಡು ಗುರುತುಗಳೂ ಇಲ್ಲದ ಕಾರಣ ಅವುಗಳ ಬಗ್ಗೆ ಚರ್ಚೆಯೇ ಹುಟ್ಟುವುದಿಲ್ಲ. ಗ್ರಂಥ ಪ್ರತ್ಯೇಕವಾಗಿ ಹೆಸರು ಹಿಡಿದು ಎಚ್ಚರಿಸುವುದು ಒಂದು ಗುರುತಷ್ಟೇ ಇರುವ ನಾಲ್ಕು ಪ್ರಾಣಿಗಳ ಬಗ್ಗೆ. ಒಂಟೆ, ಬಂಡೆಗಳ ಸಂದಿಯಲ್ಲಿ ವಾಸಿಸುವ ಹೈರಾಕ್ಸ್ ಎಂಬ ಸಣ್ಣ ಪ್ರಾಣಿ ಮತ್ತು ಮೊಲ ಮೆಲುಕು ಹಾಕುತ್ತವೆ, ಆದರೆ ಅವುಗಳ ಗೊರಸು ಸೀಳಿಲ್ಲ. ಹಂದಿಯ ಗೊರಸು ಸೀಳಿದೆ, ಆದರೆ ಅದು ಮೆಲುಕು ಹಾಕುವುದಿಲ್ಲ.

ಇಲ್ಲಿ ಪ್ರಾಣಿಶಾಸ್ತ್ರ ಬಲ್ಲವರು ಆಕ್ಷೇಪ ಎತ್ತುವುದುಂಟು. ಮೊಲಕ್ಕೆ ಹಸುವಿನಂತೆ ಹಲವು ಕೋಣೆಗಳ ಜಠರವಿಲ್ಲ. ಅದು ತನ್ನದೇ ಮೃದುವಾದ ಹಿಕ್ಕೆಯನ್ನು ಮತ್ತೆ ತಿಂದು ಎರಡನೆಯ ಬಾರಿ ಜೀರ್ಣಿಸಿಕೊಳ್ಳುತ್ತದೆ. ಹೈರಾಕ್ಸ್ ಕೂಡ ನಿಜವಾದ ಅರ್ಥದಲ್ಲಿ ಮೆಲುಕು ಹಾಕುವ ಪ್ರಾಣಿಯಲ್ಲ, ಸುಮ್ಮನೆ ಕುಳಿತಾಗಲೂ ದವಡೆ ಆಡಿಸುವುದು ಅದರ ಅಭ್ಯಾಸ. ಗ್ರಂಥವು ಕಣ್ಣಿಗೆ ಕಾಣುವ ನಡವಳಿಕೆಯನ್ನು ಹಿಡಿದು ಮಾತನಾಡುತ್ತಿದೆ, ಹೊಟ್ಟೆಯನ್ನು ಕೊಯ್ದು ನೋಡಿ ಅಲ್ಲ ಎಂದು ತಿಳಿದರೆ ಗೊಂದಲ ಕಡಿಮೆಯಾಗುತ್ತದೆ.

ಹಾಗಾದರೆ ನಾಲ್ಕರಲ್ಲಿ ಹಂದಿಗೆ ಮಾತ್ರ ಇಷ್ಟು ಕುಖ್ಯಾತಿ ಏಕೆ? ನಿಯಮದ ದೃಷ್ಟಿಯಿಂದ ಹಂದಿ ಒಂಟೆಗಿಂತ ಹೆಚ್ಚು ಅಶುದ್ಧವೇನಲ್ಲ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಹಳೆಯ ವ್ಯಾಖ್ಯಾನವೊಂದು ಅದನ್ನು ಕಪಟದ ಪ್ರತೀಕವಾಗಿಸಿತು: ಮಲಗಿದಾಗ ಹಂದಿ ತನ್ನ ಸೀಳು ಗೊರಸುಗಳನ್ನು ಮುಂದೆ ಚಾಚಿ, ನಾನೂ ಶುದ್ಧವೇ ನೋಡಿ ಎನ್ನುತ್ತದಂತೆ. ಅದಕ್ಕಿಂತ ಬಲವಾದ ಕಾರಣ ಇತಿಹಾಸದಲ್ಲಿದೆ. ಕ್ರಿ.ಪೂ. 2ನೆಯ ಶತಮಾನದಲ್ಲಿ ಗ್ರೀಕ್ ಅರಸ 4ನೆಯ ಆಂಟಿಯೋಕಸ್ ಯೆಹೂದಿ ಆಚರಣೆಗಳನ್ನು ನಿಷೇಧಿಸಿದಾಗ, ಹಂದಿಮಾಂಸ ತಿನ್ನಿಸುವುದೇ ನಿಷ್ಠೆಯ ಪರೀಕ್ಷೆಯಾಯಿತು. ಆ ಕಾಲದ ಕಥೆ ಹೇಳುವ ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಎಲಿಯಾಜರ್ ಎಂಬ ತೊಂಬತ್ತರ ವೃದ್ಧನ ಪ್ರಸಂಗವಿದೆ. ತಿನ್ನಬಹುದಾದ ಮಾಂಸವನ್ನು ಮನೆಯಿಂದಲೇ ತಂದು ಹಂದಿಮಾಂಸವೆಂದು ನಟಿಸಿ ತಿಂದು ಪಾರಾಗು ಎಂದು ಪರಿಚಿತರೇ ಗುಟ್ಟಾಗಿ ಸಲಹೆ ಕೊಟ್ಟಾಗ, ಕಿರಿಯರು ದಾರಿ ತಪ್ಪಿಯಾರೆಂದು ಆತ ಅದನ್ನೂ ಒಪ್ಪದೆ ಪ್ರಾಣ ಬಿಡುತ್ತಾನೆ. ಹಂದಿಯ ವಿಷಯ ಬರೀ ಊಟದ ವಿಷಯವಾಗಿ ಉಳಿಯದೆ ಹೋದದ್ದು ಇಂಥ ಕಾಲದಲ್ಲಿ.

ಪ್ರಶ್ನೆ: ಹಂದಿಮಾಂಸದಲ್ಲಿ ಹುಳುಗಳಿರುತ್ತವೆ, ಮರುಭೂಮಿಯ ಬಿಸಿಲಿನಲ್ಲಿ ಬೇಗ ಕೆಡುತ್ತದೆ, ಆರೋಗ್ಯಕ್ಕಾಗಿಯೇ ಹಿರಿಯರು ಈ ನಿಯಮ ಮಾಡಿದರು ಎನ್ನುತ್ತಾರೆ. ಸರಿಯೇ?

ಉತ್ತರ: ಈ ವಿವರಣೆ ಜನಪ್ರಿಯವಾಗಿದೆ, ಅದಕ್ಕೆ ದೊಡ್ಡ ಬೆಂಬಲಿಗರೂ ಇದ್ದರು. 12ನೆಯ ಶತಮಾನದ ತತ್ತ್ವಜ್ಞಾನಿ ಮೈಮೊನಿಡೀಸ್ ಸ್ವತಃ ವೈದ್ಯರಾಗಿದ್ದರು. ನಿಷಿದ್ಧ ಆಹಾರಗಳು ದೇಹಕ್ಕೆ ಒಳ್ಳೆಯದಲ್ಲವೆಂದೂ, ಹಂದಿಯ ಕೊಳಕು ಬೀದಿ ಮನೆಗಳನ್ನು ಹೊಲಸು ಮಾಡುತ್ತದೆಂದೂ ಅವರು ಬರೆದರು. ಮುಂದೆ 1835ರಲ್ಲಿ ಟ್ರೈಕಿನೆಲ್ಲಾ ಹುಳು ಪತ್ತೆಯಾಗಿ, 1860ರಲ್ಲಿ ಅದರಿಂದ ಮನುಷ್ಯರು ಸಾಯಬಹುದೆಂದು ಖಚಿತವಾದಾಗ, ತೋರಾದ ನಿಯಮ ತಂದುಕೊಟ್ಟ ಮೋಶೆಗೆ ಇದು ಮೊದಲೇ ತಿಳಿದಿತ್ತೆಂದು ಹಲವರು ಸಂಭ್ರಮಿಸಿದರು.

ಆದರೆ ವಾದ ನಿಲ್ಲುವುದಿಲ್ಲ. ಒಂಟೆ ಮತ್ತು ಮೊಲದ ಮಾಂಸವನ್ನು ನೆರೆಯ ಅರಬರು ಶತಮಾನಗಳಿಂದ ತಿಂದು ಚೆನ್ನಾಗಿಯೇ ಇದ್ದಾರೆ. ಶುದ್ಧವೆನಿಸಿದ ದನ ಕುರಿಗಳಿಂದಲೂ ರೋಗ ಹರಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಷದ ಗಿಡ, ಬೇರು, ಅಣಬೆಗಳ ಬಗ್ಗೆ ಈ ಅಧ್ಯಾಯಗಳು ಒಂದು ಮಾತನ್ನೂ ಆಡುವುದಿಲ್ಲ. ಆರೋಗ್ಯವೇ ಗುರಿಯಾಗಿದ್ದರೆ ಮೊದಲು ಬರಬೇಕಾಗಿದ್ದುದು ಅವೇ. ಈ ಆಕ್ಷೇಪ ಇಂದಿನದಲ್ಲ. 15ನೆಯ ಶತಮಾನದ ವ್ಯಾಖ್ಯಾನಕಾರ ಐಸಾಕ್ ಅಬ್ರವನೆಲ್, ತೋರಾವನ್ನು ಸಣ್ಣದೊಂದು ವೈದ್ಯಗ್ರಂಥದ ಮಟ್ಟಕ್ಕೆ ಇಳಿಸಬಾರದೆಂದು ಖಂಡತುಂಡವಾಗಿ ಹೇಳಿದ್ದರು.

ಕಳೆದ ಶತಮಾನದ ವಿದ್ವಾಂಸರು ಬೇರೆ ದಾರಿ ಹಿಡಿದರು. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಮಂಡಿಸಿದ ವಾದದ ಪ್ರಕಾರ, ನೆಲ, ನೀರು, ಆಕಾಶ ಎಂಬ ಮೂರು ವಲಯಗಳಲ್ಲಿ ಪ್ರತಿಯೊಂದಕ್ಕೂ ಒಂದು ಪೂರ್ಣ ಮಾದರಿಯಿದೆ. ಆ ಮಾದರಿಗೆ ಅರೆಬರೆ ಹೊಂದುವ ಜೀವಿ ಅಶುದ್ಧವೆನಿಸುತ್ತದೆ. ಇನ್ನೊಬ್ಬ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ ಇದನ್ನು ಒಪ್ಪದೆ ಆರ್ಥಿಕ ಕಾರಣ ಕೊಟ್ಟರು: ಹಂದಿಗೆ ನೆರಳು ಮತ್ತು ನೀರು ಬೇಕು, ಅದು ಹುಲ್ಲು ತಿಂದು ಬದುಕುವುದಿಲ್ಲ, ಹಾಲು ಕೊಡುವುದಿಲ್ಲ, ನೇಗಿಲು ಎಳೆಯುವುದಿಲ್ಲ, ಒಣನಾಡಿನಲ್ಲಿ ಅದನ್ನು ಸಾಕುವುದು ಮನುಷ್ಯರ ಧಾನ್ಯಕ್ಕೇ ಪೈಪೋಟಿ ತಂದಂತೆ. ಡಗ್ಲಸ್ ಅವರ ವಾದ ಇಡೀ ಪಟ್ಟಿಯನ್ನು ಒಟ್ಟಾಗಿ ವಿವರಿಸಲು ಯತ್ನಿಸುವುದರಿಂದ ನನಗೆ ಹೆಚ್ಚು ಹಿಡಿಸುತ್ತದೆ. ಹ್ಯಾರಿಸ್ ಅವರದು ಹಂದಿಗೆ ಹೊಂದುವಷ್ಟು ಚೆನ್ನಾಗಿ ಒಂಟೆಗೋ ಸೀಗಡಿಗೋ ಹೊಂದುವುದಿಲ್ಲ.

ಧರ್ಮನಿಷ್ಠರ ಉತ್ತರವಾದರೋ ಇವೆಲ್ಲವನ್ನೂ ಪಕ್ಕಕ್ಕೆ ಸರಿಸುತ್ತದೆ. ನನಗೆ ಹಂದಿಮಾಂಸ ಇಷ್ಟವಿಲ್ಲ ಎನ್ನಬೇಡ, ಇಷ್ಟವಿದೆ, ಆದರೆ ಸ್ವರ್ಗದಲ್ಲಿರುವ ನನ್ನ ತಂದೆ ಬೇಡವೆಂದಿದ್ದಾನೆ ಎನ್ನು ಎಂಬುದು ರಬ್ಬಿ ಎಲಾಜರ್ ಬೆನ್ ಅಜರ್ಯರ ಹೆಸರಿನಲ್ಲಿ ಬಂದ ಉಪದೇಶ. ಯಾಜಕಕಾಂಡದ ಅಧ್ಯಾಯವೂ ಕೊನೆಯಲ್ಲಿ ಕೊಡುವ ಕಾರಣ, ನಾನು ಪವಿತ್ರನಾಗಿರುವುದರಿಂದ ನೀವೂ ಪವಿತ್ರರಾಗಿರಬೇಕು ಎಂಬುದೇ ಹೊರತು ಹೊಟ್ಟೆ ಕೆಡುತ್ತದೆ ಎಂಬುದಲ್ಲ.

ಪ್ರಶ್ನೆ: ಅಶುದ್ಧ ಪ್ರಾಣಿಯನ್ನು ಮುಟ್ಟಿದರೆ ಮೈಲಿಗೆಯೇ?

ಉತ್ತರ: ಬದುಕಿರುವ ಪ್ರಾಣಿಯನ್ನು ಮುಟ್ಟಿದರೆ ಏನೂ ಇಲ್ಲ. ಒಂಟೆ ಮತ್ತು ಕತ್ತೆ ಆ ಜನರ ದಿನನಿತ್ಯದ ವಾಹನಗಳಾಗಿದ್ದವು. ಅಷ್ಟೇಕೆ, ಕತ್ತೆಯ ಚೊಚ್ಚಲ ಗಂಡುಮರಿಯನ್ನು ಕುರಿ ಕೊಟ್ಟು ಬಿಡಿಸಿಕೊಳ್ಳಬೇಕೆಂಬ ಗೌರವದ ನಿಯಮ ವಿಮೋಚನಕಾಂಡದಲ್ಲಿದೆ. ಗ್ರಂಥ ಹೇಳುವ ಮೈಲಿಗೆ ಹೆಣಕ್ಕೆ ಸಂಬಂಧಿಸಿದ್ದು, ಅದೂ ಸಂಜೆಯವರೆಗೆ ಮಾತ್ರ. ಶುದ್ಧವೆನಿಸಿದ ಕುರಿಯೇ ತಾನಾಗಿ ಸತ್ತಿದ್ದರೂ ಅದರ ಹೆಣ ಮುಟ್ಟಿದವರಿಗೆ ಇದೇ ನಿಯಮ ಅನ್ವಯಿಸುತ್ತದೆ.

ಪ್ರಶ್ನೆ: ಮೀನಿನಲ್ಲಿ ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು?

ಉತ್ತರ: ನೀರಿನಲ್ಲಿರುವ ಜೀವಿಗಳಿಗೆ ಈಜುರೆಕ್ಕೆ ಮತ್ತು ಹುರುಪೆ ಎರಡೂ ಇರಬೇಕು. ಹಾಗಾಗಿ ಏಡಿ, ಸೀಗಡಿ, ಸಿಂಪಿ, ಆಕ್ಟೋಪಸ್ ಎಲ್ಲವೂ ಒಮ್ಮೆಲೇ ಹೊರಗೆ ಹೋಗುತ್ತವೆ. ಮೀನುಗಳಲ್ಲಿ ಹುರುಪೆಯಿಲ್ಲದ ಕ್ಯಾಟ್‌ಫಿಶ್ ಹೊರಗುಳಿಯುತ್ತದೆ. ಹುರುಪೆಯಿರುವ ಮೀನಿಗೆಲ್ಲ ಈಜುರೆಕ್ಕೆಯೂ ಇದ್ದೇ ಇರುತ್ತದೆ ಎಂದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೇಳುವುದರಿಂದ, ವ್ಯವಹಾರದಲ್ಲಿ ಹುಡುಕುವುದು ಹುರುಪೆಯನ್ನೇ. ಆದರೆ ಎಂಥ ಹುರುಪೆ? 13ನೆಯ ಶತಮಾನದ ವ್ಯಾಖ್ಯಾನಕಾರ ನಾಖ್ಮನಿಡೀಸ್ ಅದನ್ನು ಬಿಗಿಯಾಗಿ ವ್ಯಾಖ್ಯಾನಿಸಿದರು: ಬೆರಳಿನಿಂದಲೋ ಚಾಕುವಿನಿಂದಲೋ ಎಬ್ಬಿಸಿದಾಗ ಚರ್ಮ ಹರಿಯದೆ ಬಿಟ್ಟುಬರುವಂಥದ್ದು ಮಾತ್ರ ಹುರುಪೆ. ಚರ್ಮದೊಳಗೇ ನಾಟಿಕೊಂಡ ಮೊನಚು ಕಣಗಳಿರುವ ಶಾರ್ಕ್ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಕ್ಯಾವಿಯರ್ ಎಂಬ ದುಬಾರಿ ಮೊಟ್ಟೆ ಕೊಡುವ ಸ್ಟರ್ಜನ್ ಮೀನಿನ ಬಗ್ಗೆ 18ನೆಯ ಶತಮಾನದಲ್ಲಿ ದೊಡ್ಡ ವಿವಾದವೇ ನಡೆಯಿತು. ಪ್ರಾಗ್ ನಗರದ ಹೆಸರಾಂತ ರಬ್ಬಿ ಯೆಖೆಜ್ಕೆಲ್ ಲಾಂಡೌ ಅನುಮತಿಸುವ ಕಡೆಗೆ ಒಲಿದರೂ ಸಂಪ್ರದಾಯಸ್ಥರು ಒಪ್ಪಲಿಲ್ಲ. ಮೀನಿನ ಮೊಟ್ಟೆ ಮೀನಿನ ಜಾತಿಯನ್ನೇ ಅನುಸರಿಸುವುದರಿಂದ ಅದರ ಕ್ಯಾವಿಯರ್ ಅವರಿಗೆ ಇಂದಿಗೂ ನಿಷಿದ್ಧ.

ಈ ಕಾರಣಕ್ಕೇ ನಿಯಮ ಪಾಲಿಸುವವರು ಚರ್ಮ ಸುಲಿದ ಮೀನಿನ ತುಂಡನ್ನು ಗುರುತಿಲ್ಲದ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಒಂದಿಷ್ಟು ಚರ್ಮ ಉಳಿದಿದ್ದು, ಅದರ ಮೇಲೆ ಹುರುಪೆ ಕಂಡರೆ ಮಾತ್ರ ತುಂಡಿನ ಗುರುತು ಸಿಕ್ಕಿತೆಂದು ಲೆಕ್ಕ. ಕೊಂಕಣ ತೀರದ ಬೆನೆ ಇಸ್ರಾಯೇಲ್ ಯೆಹೂದಿಗಳಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಹೊರಗಿನಿಂದ ಬಂದ ಡೇವಿಡ್ ರಾಹಬಿ ಎಂಬ ಯೆಹೂದಿ ಪ್ರವಾಸಿ ಇವರು ತನ್ನವರೇ ಹೌದೋ ಅಲ್ಲವೋ ಎಂದು ತಿಳಿಯಲು ಬಗೆಬಗೆಯ ಮೀನುಗಳನ್ನು ಬೆರೆಸಿ ಅಡುಗೆಗೆ ಕೊಟ್ಟಾಗ, ಮನೆಯ ಹೆಂಗಸರು ಹುರುಪೆಯಿಲ್ಲದವನ್ನು ತಾವಾಗಿಯೇ ಬೇರೆ ಇಟ್ಟರಂತೆ.

ಕಥೆಗಳಿಗೆ ಅಗೆತದ ಸಾಕ್ಷ್ಯ ಎಲ್ಲ ಸಲವೂ ಜೊತೆಗೂಡುವುದಿಲ್ಲ. ಪ್ರಾಚೀನ ಯೆಹೂದ ನಾಡಿನ ನೆಲೆಗಳಲ್ಲಿ ಸಿಕ್ಕ ಮೀನಿನ ಮೂಳೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹುರುಪೆಯಿಲ್ಲದ ಕ್ಯಾಟ್‌ಫಿಶ್ ಅಲ್ಲಿ ಸಾಕಷ್ಟು ಬಳಕೆಯಲ್ಲಿತ್ತೆಂದು ತೋರಿಸಿತು. ಗ್ರಂಥದ ನಿಯಮ ಜನಸಾಮಾನ್ಯರ ಅಡುಗೆಮನೆ ತಲುಪಲು ಕಾಲ ಹಿಡಿಯಿತೆಂದು ಇದರಿಂದ ಊಹಿಸಬಹುದು.

ಪ್ರಶ್ನೆ: ಹಕ್ಕಿಗಳಿಗೂ ಇಂಥ ಗುರುತುಗಳಿವೆಯೇ?

ಉತ್ತರ: ತೋರಾದಲ್ಲಿ ಇಲ್ಲ. ಹದ್ದು, ರಣಹದ್ದು, ಗೂಬೆ, ಕಾಗೆ ಮೊದಲಾದ ನಿಷಿದ್ಧ ಹಕ್ಕಿಗಳ ಪಟ್ಟಿಯಷ್ಟೇ ಇದೆ. ರಬ್ಬಿಗಳ ಎಣಿಕೆಯಲ್ಲಿ ಅವು 24. ಅವುಗಳಲ್ಲಿ ಕೆಲವು ಹೀಬ್ರೂ ಹೆಸರುಗಳು ಯಾವ ಹಕ್ಕಿಯವು ಎಂಬುದು ಮರೆತುಹೋಗಿರುವುದರಿಂದ ಪಟ್ಟಿಯಲ್ಲಿಲ್ಲದ ಹಕ್ಕಿಯೆಲ್ಲ ಶುದ್ಧವೆಂದು ಧೈರ್ಯವಾಗಿ ಹೇಳುವಂತಿಲ್ಲ. ರಬ್ಬಿಗಳ ಹಳೆಯ ನಿಯಮಸಂಗ್ರಹವಾದ ಮಿಷ್ನಾ ಕೆಲವು ಗುರುತುಗಳನ್ನು ಕೊಟ್ಟಿತು: ಉಗುರಿನಿಂದ ಬೇಟೆ ಹಿಡಿಯಬಾರದು, ಕಾಲಿನಲ್ಲಿ ಹೆಚ್ಚುವರಿ ಬೆರಳಿರಬೇಕು, ಕುತ್ತಿಗೆಯ ಬುಡದಲ್ಲಿ ಆಹಾರದ ಚೀಲವಿರಬೇಕು, ಕಾಳು ಅರೆಯುವ ಜಠರದ ಒಳಪೊರೆ ಸುಲಿಯುವಂತಿರಬೇಕು. ಕ್ರಮೇಣ ಇದಕ್ಕಿಂತಲೂ ಪರಂಪರೆಯೇ ಪ್ರಮಾಣವಾಯಿತು. ಹಿರಿಯರು ತಿಂದಿದ್ದರೆಂದು ಖಚಿತವಾಗಿ ತಿಳಿದಿರುವ ಕೋಳಿ, ಬಾತು, ಪಾರಿವಾಳಗಳನ್ನು ತಿನ್ನುತ್ತಾರೆ. ಅಮೆರಿಕದಿಂದ ಬಂದ ಟರ್ಕಿ ಕೋಳಿಗೆ ಅಂಥ ಪರಂಪರೆ ಇರುವುದು ಸಾಧ್ಯವೇ ಇಲ್ಲ. ಆದರೂ ಅದು ಬಹುಪಾಲು ಯೆಹೂದಿಗಳ ತಟ್ಟೆಗೆ ಬಂದು, ನಂತರ ವಿದ್ವಾಂಸರು ಸಮರ್ಥನೆ ಹುಡುಕಿದರು. ಕೀಟಗಳಲ್ಲಿ ಜಿಗಿಯುವ ಕಾಲುಗಳಿರುವ ನಾಲ್ಕು ಬಗೆಯ ಮಿಡತೆಗಳಿಗೆ ಮಾತ್ರ ಅನುಮತಿಯಿದ್ದು, ಅವುಗಳನ್ನು ಗುರುತಿಸುವ ಪರಂಪರೆ ಉಳಿದುಬಂದದ್ದು ಮುಖ್ಯವಾಗಿ ಯೆಮೆನ್ ಮೂಲದ ಯೆಹೂದಿಗಳಲ್ಲಿ.

ಪ್ರಶ್ನೆ: ಜೇನುಹುಳ ಅಶುದ್ಧವಾದರೆ ಜೇನುತುಪ್ಪ ಹೇಗೆ ಶುದ್ಧ?

ಉತ್ತರ: ಒಳ್ಳೆಯ ಪ್ರಶ್ನೆ, ತಾಲ್ಮುದ್ ಕೂಡ ಕೇಳಿಕೊಂಡದ್ದು. ಅಶುದ್ಧ ಪ್ರಾಣಿಯಿಂದ ಹೊರಬಂದದ್ದೂ ಅಶುದ್ಧ ಎಂಬುದು ಸಾಮಾನ್ಯ ನಿಯಮ. ಅದರಿಂದಾಗಿ ಒಂಟೆಯ ಹಾಲು ನಿಷಿದ್ಧ. ಆದರೆ ಜೇನುಹುಳ ಹೂವಿನ ಮಕರಂದವನ್ನು ಒಳಗೆ ತೆಗೆದುಕೊಂಡು ಹೊರಗೆ ಬಿಡುತ್ತದೆಯೇ ಹೊರತು ತನ್ನ ಮೈಯಿಂದ ಉತ್ಪಾದಿಸುವುದಿಲ್ಲ ಎಂದು ವಾದಿಸಿ ಜೇನಿಗೆ ವಿನಾಯಿತಿ ಕೊಡಲಾಯಿತು.

ಪ್ರಶ್ನೆ: ಜಿರಾಫೆ ಕೂಡ ಶುದ್ಧ ಪ್ರಾಣಿಯಂತೆ, ಅದರ ಉದ್ದ ಕತ್ತಿನಲ್ಲಿ ಎಲ್ಲಿ ಕೊಯ್ಯಬೇಕೆಂದು ತಿಳಿಯದೆ ತಿನ್ನುವುದಿಲ್ಲವಂತೆ. ನಿಜವೇ?

ಉತ್ತರ: ಮೊದಲರ್ಧ ನಿಜ, ಉಳಿದರ್ಧ ತಮಾಷೆಯ ಮಾತು. ಜಿರಾಫೆಯ ಗೊರಸು ಸೀಳಿದೆ, ಅದು ಮೆಲುಕೂ ಹಾಕುತ್ತದೆ. ಕೊಯ್ಯಬಹುದಾದ ಭಾಗವನ್ನು ಧರ್ಮಶಾಸ್ತ್ರ ಎಲ್ಲ ಪ್ರಾಣಿಗಳಿಗೂ ನಿಗದಿಪಡಿಸಿರುವುದರಿಂದ, ಕತ್ತು ಉದ್ದವಾದಷ್ಟೂ ಜಾಗ ಹೆಚ್ಚೇ ಸಿಗುತ್ತದೆ. ಅಷ್ಟು ದೊಡ್ಡ ಕಾಡುಪ್ರಾಣಿಯನ್ನು ಹಿಡಿದು ನಿಲ್ಲಿಸುವ ಕಷ್ಟ, ಖರ್ಚು ಮತ್ತು ಅದನ್ನು ತಿಂದು ಬಂದ ಪರಂಪರೆ ಇಲ್ಲದಿರುವುದೇ ಅಡ್ಡಿ.

ಈ ನೆಪದಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಪ್ರಾಣಿ ಶುದ್ಧ ಜಾತಿಯದಾದ ಮಾತ್ರಕ್ಕೆ ಅದರ ಮಾಂಸ ಕೋಶರ್ (ನಿಯಮದಂತೆ ತಿನ್ನಲು ಯೋಗ್ಯ) ಆಗುವುದಿಲ್ಲ. ತರಬೇತಿ ಪಡೆದ ಶೋಖೆಟ್ ಎಂಬಾತನೇ ಅದನ್ನು ಕೊಯ್ಯಬೇಕು. ಆತ ಕೊಯ್ಯುವ ಮೊದಲು ಕತ್ತಿಯ ಅಲಗಿನ ಮೇಲೆ ತನ್ನ ಉಗುರನ್ನು ಮೆಲ್ಲಗೆ ಹಾಯಿಸಿ, ಕೂದಲೆಳೆಯಷ್ಟು ಮುಕ್ಕು ತಾಗಿದರೂ ಆ ಕತ್ತಿಯನ್ನು ಬದಿಗಿಟ್ಟು ಮತ್ತೆ ಸಾಣೆ ಹಿಡಿಯುತ್ತಾನೆ. ಕೊಯ್ದ ಮೇಲೆ ಶ್ವಾಸಕೋಶದ ಮೇಲೆ ಅಂಟುಪೊರೆಗಳಿವೆಯೇ ಎಂದು ಕೈಯಾಡಿಸಿ ನೋಡುತ್ತಾರೆ. ಅನುಮಾನ ಬಂದರೆ ಅದಕ್ಕೆ ಗಾಳಿ ತುಂಬಿ ನೀರಿನಲ್ಲಿಟ್ಟು ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ರಕ್ತ ಸೇವನೆ ಪೂರ್ತಿ ನಿಷಿದ್ಧವಾದ್ದರಿಂದ ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಹಾಕಿಟ್ಟು, ಬಳಿಕ ಚೆನ್ನಾಗಿ ತೊಳೆಯುತ್ತಾರೆ. ತೊಡೆಯ ನರ ಮತ್ತು ಕೆಲವು ಬಗೆಯ ಕೊಬ್ಬನ್ನು ತೆಗೆಯುವುದು ಬಹಳ ಶ್ರಮದ ಕೆಲಸವಾದ್ದರಿಂದ ಅನೇಕ ದೇಶಗಳಲ್ಲಿ ದನದ ಹಿಂಭಾಗದ ಮಾಂಸವನ್ನು ಸಾರಾಸಗಟಾಗಿ ಯೆಹೂದಿಗಳಲ್ಲದವರಿಗೆ ಮಾರಿಬಿಡುತ್ತಾರೆ. ಮಾಂಸವನ್ನು ಹಾಲಿನೊಂದಿಗೆ ಬೆರೆಸಬಾರದೆಂಬುದು ಇದೆಲ್ಲದರ ಆಚೆಗಿನ ಬೇರೊಂದು ದೊಡ್ಡ ಅಧ್ಯಾಯ.

ಪ್ರಶ್ನೆ: ಇಂದಿನ ಇಸ್ರೇಲ್‌ನಲ್ಲಿ ಹಂದಿ ಸಾಕುವುದು ಅಪರಾಧವೇ? ಪ್ರಯೋಗಾಲಯದಲ್ಲಿ ಬೆಳೆಸಿದ ಮಾಂಸಕ್ಕೆ ಈ ನಿಯಮಗಳು ಅನ್ವಯಿಸುತ್ತವೆಯೇ?

ಉತ್ತರ: 1962ರ ಕಾನೂನು ಹಂದಿ ಸಾಕಣೆಯನ್ನು ನಿಷೇಧಿಸುತ್ತದೆ, ಕ್ರೈಸ್ತರು ಹೆಚ್ಚಾಗಿರುವ ಉತ್ತರದ ಕೆಲವು ಊರುಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ ಮತ್ತು ಮೃಗಾಲಯಗಳಿಗೆ ವಿನಾಯಿತಿಯಿದೆ. ತಿನ್ನುವುದಕ್ಕೆ ನಿಷೇಧವಿಲ್ಲ. ಮಾರಾಟವನ್ನು ನಿಯಂತ್ರಿಸುವ ಅಧಿಕಾರ ಸ್ಥಳೀಯ ಆಡಳಿತಕ್ಕಿದೆ. ಅಂಗಡಿಗಳಲ್ಲಿ ಅದು ಹಲವೊಮ್ಮೆ ಬಿಳಿ ಮಾಂಸ ಎಂಬ ಮುಸುಕಿನ ಹೆಸರಿನಲ್ಲಿ ಮಾರಾಟವಾಗುತ್ತದೆ.

ಪ್ರಯೋಗಾಲಯದ ಮಾಂಸದ ಬಗ್ಗೆ ಚರ್ಚೆ ಈಗಷ್ಟೇ ಬಿಸಿಯೇರುತ್ತಿದೆ. ಹಸುವಿನ ಜೀವಕೋಶದಿಂದ ಬೆಳೆಸಿದ ಒಂದು ಉತ್ಪನ್ನ ಕೋಶರ್ ಆಗಬಲ್ಲದೆಂದು ಇಸ್ರೇಲ್‌ನ ಆಗಿನ ಅಶ್ಕೆನಾಜಿ (ಯೂರೋಪ್ ಮೂಲದ ಯೆಹೂದಿಗಳ) ಮುಖ್ಯ ರಬ್ಬಿ ಡೇವಿಡ್ ಲಾವ್ 2023ರ ಜನವರಿಯಲ್ಲಿ ತೀರ್ಪು ಕೊಟ್ಟರು. ಇನ್ನು ಕೆಲವು ರಬ್ಬಿಗಳ ವಾದ ಬೇರೆ: ಜೀವಕೋಶದ ಮೂಲ ಶುದ್ಧ ಪ್ರಾಣಿಯೇ ಆಗಿರಬೇಕು, ಅದನ್ನೂ ಶಾಸ್ತ್ರೋಕ್ತವಾಗಿ ಕೊಯ್ದ ಮೇಲೆಯೇ ತೆಗೆದಿರಬೇಕು, ಹುಟ್ಟಿದ್ದನ್ನು ಮಾಂಸವೆಂದೇ ಪರಿಗಣಿಸಬೇಕು. ಹಂದಿಯ ಜೀವಕೋಶದ ಪ್ರಶ್ನೆಗೆ, ಅಶುದ್ಧದಿಂದ ಬಂದದ್ದೂ ಅಶುದ್ಧ ಎಂಬ ಹಳೆಯ ಸೂತ್ರವನ್ನೇ ಅವರು ಮುಂದಿಡುತ್ತಾರೆ.