ದ್ವೀಪದ ಸ್ಲಾತ್ ಬಗ್ಗೆ ಬರೆದವರಿಗೆ: ಪ್ರೇಮಕಥೆ ಬಿಡಿ, ಈಜು ತೋರಿಸಿ

ನಮಸ್ಕಾರ.

ಪನಾಮಾದ ಕುಬ್ಜ ಸ್ಲಾತ್ (ಮರಕ್ಕೆ ಜೋತುಬಿದ್ದು ಬದುಕುವ ನಿಧಾನದ ಪ್ರಾಣಿ) ಬಗ್ಗೆ ನೀವು ಕಳಿಸಿದ 'ಸೋಮಾರಿಯ ಪ್ರೇಮಯಾನ' ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಲೇಖನವೂ ಅಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಪುಟವೆಲ್ಲ ಸೋಮಾರಿತನದ ಮೇಲೆಯೇ ಹೋಗಿದೆ. ಈ ಪ್ರಾಣಿ ಸೋಮಾರಿ ಅಲ್ಲ. ತಿನ್ನುವುದು ಎಲೆ. ಎಲೆಯಲ್ಲಿ ಕಸುವು ಕಡಿಮೆ, ಅರಗಲು ದಿನಗಟ್ಟಲೆ ಬೇಕು. ಹಾಗಾಗಿ ಓಡಾಟ ನಿಧಾನ. ಇಷ್ಟು ಹೇಳಿದ್ದರೆ ಸಾಕಿತ್ತು. ನಮ್ಮ ಕಾಡುಪಾಪ ಇದರ ನೆಂಟ ಅನ್ನುವ ಸಾಲನ್ನೂ ತೆಗೆಯಿರಿ. ಕಾಡುಪಾಪ ಹುಳು ಹಿಡಿದು ತಿನ್ನುವ, ಕೋತಿಗಳ ಬಳಗದ ಪ್ರಾಣಿ.

ನಿಮ್ಮ ಲೇಖನದ ಜೀವ ಇರುವುದು ಈಜಿನಲ್ಲಿ. ಅದಕ್ಕೆ ಕೊಟ್ಟದ್ದು ಮಾತ್ರ ಒಂದೇ ಸಾಲು: 'ಇದು ಚೆನ್ನಾಗಿ ಈಜುತ್ತದೆ.' ಸುಮ್ನೆ ಹೀಗಂದರೆ ಓದುವವರ ಕಣ್ಣಿಗೆ ಏನು ಕಾಣುತ್ತದೆ? ಜಾಗದಿಂದ ಶುರುಮಾಡಿ. ಇದು ಬದುಕುವ ಎಸ್ಕುಡೊ ದೆ ವೆರಾಗ್ವಾಸ್ ದ್ವೀಪ ಕೆರಿಬಿಯನ್ ಕಡಲಲ್ಲಿ, ಪನಾಮಾದ ದಡದಿಂದ ಸುಮಾರು 17 ಕಿ.ಮೀ. ದೂರ ಇದೆ. 5 ಚದರ ಕಿ.ಮೀ. ಕೂಡ ಇಲ್ಲ. ಸುಮಾರು 9,000 ವರ್ಷಗಳ ಹಿಂದೆ ಕಡಲು ಏರಿ ಇದು ನೆಲದಿಂದ ಬೇರೆಯಾಯಿತು. ಒಳಗೆ ಉಳಿದ ಸ್ಲಾತ್‌ಗಳು ಕಾಲ ಕಳೆದಂತೆ ಚಿಕ್ಕದಾದವು. ಈಗ ಒಂದೊಂದರ ತೂಕ ಮೂರು ಕಿಲೋ ಆಸುಪಾಸು.

ದ್ವೀಪದ ಅಂಚಿನಲ್ಲಿ ಕೆಂಪು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಬೇರುಗಳೆಲ್ಲ ನೀರಿನಲ್ಲೇ. ಸ್ಲಾತ್ ಕೊಂಬೆ ಬಿಟ್ಟು ಮೆಲ್ಲಗೆ ನೀರಿಗೆ ಇಳಿಯುತ್ತದೆ. ಉದ್ದನೆಯ ಮುಂಗಾಲನ್ನು ಒಂದಾದ ಮೇಲೊಂದು ಚಾಚಿ ನೀರು ಎಳೆದುಕೊಳ್ಳುತ್ತದೆ. ಮುಖ ಮೇಲೆ, ಮೈ ನೀರೊಳಗೆ. ಎಲೆ ಹುದುಗೆದ್ದು ಅರಗುವ ದೊಡ್ಡ ಹೊಟ್ಟೆಯೊಳಗಿನ ಗಾಳಿ ಅದನ್ನು ತೇಲಿಸುತ್ತದೆ. ನೆಲದ ಮೇಲೆ ತೆವಳುವ ಜೀವ ನೀರಿನಲ್ಲಿ ಅದಕ್ಕಿಂತ ಬೇಗ ಸಾಗುತ್ತದೆ. ಲೇಖನ ಶುರುವಾಗಬೇಕಾದ್ದು ಇಲ್ಲಿಂದ ಅಲ್ವಾ?

ಇನ್ನು ಕೂಡುವಿಕೆ. 'ಪ್ರಿಯತಮೆಯ ಕರೆಗೆ ಓಗೊಟ್ಟು ಅಲೆ ಸೀಳಿ ಬರುವ ಗಂಡು' ಅಂತ ಬರೆದಿದ್ದೀರಿ. ಇದನ್ನು ಕಂಡವರು ಯಾರು? ಹೆಣ್ಣು ಕೂಗುವುದು ಮುಖ್ಯಭೂಮಿಯ ಮೂರು ಬೆರಳಿನ ಸ್ಲಾತ್‌ಗಳಲ್ಲಿ ಕಂಡ ಸಂಗತಿ. ಬೆದೆಗೆ ಬಂದ ಹೆಣ್ಣು ಮರದ ಮೇಲಿಂದ ಕೀರಲು ದನಿಯಲ್ಲಿ ಕೂಗುತ್ತದೆ. ಗಂಡು ಹುಡುಕಿಕೊಂಡು ಬರುತ್ತದೆ, ಕೂಡಿದ ಮೇಲೆ ತನ್ನ ದಾರಿ ಹಿಡಿಯುತ್ತದೆ. ಮರಿ ಒಂದೇ. ಹೊಟ್ಟೆಗೆ ಅವಚಿಕೊಂಡು ಸಾಕುವುದು ತಾಯಿ ಒಂದೇ. ದ್ವೀಪದ ಸ್ಲಾತ್‌ಗಳ ಕೂಡುವಿಕೆಯ ದಾಖಲೆ ತೀರಾ ಕಡಿಮೆ. ನೆಂಟರಲ್ಲಿ ಕಂಡದ್ದು ಯಾವುದು, ಇದರಲ್ಲೇ ಕಂಡದ್ದು ಯಾವುದು ಅಂತ ಬೇರೆ ಮಾಡಿ ಬರೆಯಿರಿ. ಪ್ರಿಯತಮೆ, ವಿರಹ ಎಲ್ಲ ಬೇಡ.

ನನಗೆ ಜಾಸ್ತಿ ಬೇಸರ ತಂದದ್ದು ಒಂದು ಅಂಕಿ. 'ಜಗತ್ತಿನಲ್ಲಿ ಉಳಿದಿರುವುದು 79 ಮಾತ್ರ' ಅಂದಿದ್ದೀರಿ. 2012ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ಕಣ್ಣಿಗೆ ಬಿದ್ದವು 79, ಅದರಲ್ಲಿ 70 ಕಾಂಡ್ಲಾ ಗಿಡಗಳಲ್ಲಿ. ದ್ವೀಪದ ಒಳಗಿನ ದಟ್ಟ ಕಾಡಿನಲ್ಲೂ ಇವು ಇರುವುದನ್ನು ಆಮೇಲಿನ ಅಧ್ಯಯನಗಳು ತೋರಿಸಿವೆ. ಕಂಡದ್ದನ್ನೇ ಇರುವುದೆಲ್ಲ ಅಂದುಬಿಟ್ಟಿರಿ. ಪ್ರಾಣಿ ತೀವ್ರ ಅಪಾಯದಲ್ಲಿರುವುದು ನಿಜ, ಕಾಂಡ್ಲಾ ಮರ ಕಡಿಯುವುದೂ ನಿಜ. ಅದನ್ನು ಉಳಿಸಬೇಕು ಅನ್ನುವ ನಿಮ್ಮ ಕಾಳಜಿ ನನ್ನದೂ ಹೌದು. ಅದಕ್ಕಾಗಿಯೇ ಅಂಕಿ ಸರಿ ಇರಬೇಕು.

ಶೀರ್ಷಿಕೆ ಬದಲಿಸಿ. ಕೊನೆಯ ಪದ್ಯ ಬಿಡಿ. ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ, ನಾನೇ ಓದುತ್ತೇನೆ.