ದೊಡ್ಡ ಸೆಡಾನ್ ಕಾರುಗಳನ್ನು ಈಗ ಯಾಕೆ ಜನ ಕೇಳುತ್ತಿಲ್ಲ? ಹಳೆಯದೊಂದು ತಗೊಳ್ಳಬಹುದಾ?

ಬೆಂಗಳೂರಿನಲ್ಲಿ ಕೆಲಸ, ಅಪ್ಪ ಅಮ್ಮ ಕಾಸರಗೋಡು ಕಡೆಯ ಊರಿನಲ್ಲಿ, 2019ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಜೊತೆಗೆ ಬ್ಯಾಟರಿಯಿಂದಲೂ ಓಡುವ ದೊಡ್ಡ ಸೆಡಾನ್) ಹೊಸ ಹ್ಯುಂಡೈ ಕ್ರೆಟಾದಂಥ ಎತ್ತರದ ಎಸ್‌ಯುವಿಯ ಬೆಲೆಗೆ ಸಿಗ್ತಾ ಇದೆ ಅಂತ ಬರೆದಿದ್ದೀರಿ. ಅಷ್ಟು ದೊಡ್ಡ ಕಾರು ಅಷ್ಟು ಕಡಿಮೆಗೆ ಯಾಕೆ, ಏನಾದರೂ ಮೋಸ ಇದೆಯಾ ಅನ್ನುವುದು ನಿಮ್ಮ ಪ್ರಶ್ನೆ. ಮೋಸ ಇರಲೇಬೇಕು ಅಂತಿಲ್ಲ. ಆ ಜಾತಿಯ ಕಾರನ್ನು ಕೇಳುವವರೇ ಕಡಿಮೆ ಆಗಿದ್ದಾರೆ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಸಣ್ಣ ವರ್ಕ್‌ಶಾಪ್ ಇದೆ. ದೊಡ್ಡ ಸೆಡಾನ್ ಅಂದರೆ ನನಗೆ ಮೊದಲಿನಿಂದಲೂ ತುಂಬಾ ಇಷ್ಟ. ಕೆಲವು ವರ್ಷ ಒಂದನ್ನು ನಾನೇ ಇಟ್ಟುಕೊಂಡಿದ್ದೆ, ಆಮೇಲೆ ಮಾರಿದೆ. ಮಾರಿದ ಕಾರಣ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗಬಹುದು.

ನನ್ನ ಅಮ್ಮನಿಗೆ ಗಂಟು ನೋವು. ಮಂಗಳೂರಿಗೆ ಡಾಕ್ಟರ ಹತ್ತಿರ ಹೋಗುವಾಗ ದಾರಿಯಲ್ಲಿ ಅವರಿಗೆ ಬಹಳ ಸುಖ. ಹಿಂದಿನ ಸೀಟು ಅಗಲ, ಕಾಲು ಚಾಚಬಹುದು, ಒಳಗೆ ಶಬ್ದ ಇಲ್ಲ. ಕುಂಬಳೆ ದಾಟುವ ಮೊದಲೇ ನಿದ್ದೆ ಮಾಡುತ್ತಿದ್ದರು. ಕಷ್ಟ ಇದ್ದದ್ದು ಇಳಿಯುವಾಗ. ಸೀಟು ನೆಲಕ್ಕೆ ಹತ್ತಿರ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತದೆ. ಏಳಬೇಕಾದರೆ ಇಡೀ ಮೈಭಾರ ಮೊಣಗಂಟಿನ ಮೇಲೆಯೇ ಬೀಳುತ್ತದೆ. "ಮಗಾ, ಇದರಿಂದ ಏಳುದು ಬಾವಿಯಿಂದ ಹತ್ತಿದ ಹಾಗೆ ಆಗ್ತದೆ" ಅಂತ ಒಂದು ದಿನ ಹೇಳಿದರು. ಪಕ್ಕದ ಮನೆಯವರ ಎತ್ತರದ ಗಾಡಿಯಲ್ಲಿ ಮಧೂರು ದೇವಸ್ಥಾನಕ್ಕೆ ಹೋಗಿ ಬಂದಾಗ ಅವರು ಯಾರ ಕೈಯನ್ನೂ ಹಿಡಿಯಲಿಲ್ಲ. ಸೀಟು ಸೊಂಟದ ಮಟ್ಟಕ್ಕೆ ಇದ್ದರೆ ಸುಮ್ನೆ ಓರೆಯಾಗಿ ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು. ಅದೇ ತಿಂಗಳು ನಾನು ಕಾರು ಮಾರಿದೆ. ನನ್ನ ಗಿರಾಕಿಗಳಲ್ಲೂ ಎಷ್ಟೋ ಜನ ಇದೇ ಕಾರಣಕ್ಕೆ ಬದಲಾಯಿಸಿದ್ದಾರೆ. ಪತ್ರಿಕೆಗಳಲ್ಲಿ ಎಸ್‌ಯುವಿ ಅಂದರೆ ಠೀವಿ, ಗತ್ತು ಅಂತ ಬರೆಯುತ್ತಾರೆ. ನನ್ನ ಕಣ್ಣಿಗೆ ಕಾಣುವುದು ಮನೆಯ ಹಿರಿಯರ ಮೊಣಗಂಟು.

ಎರಡನೆಯದು ರಸ್ತೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಗಿದೆ, ಅಲ್ಲಿ ಸೆಡಾನ್ ಹಾರಿದ ಹಾಗೆ ಹೋಗುತ್ತದೆ. ಆದರೆ ನಮ್ಮ ಮನೆಗಳು ಹೆದ್ದಾರಿಯಲ್ಲಿ ಇಲ್ಲವಲ್ಲ. ಒಳರಸ್ತೆ, ಹಂಪ್, ಮುರಕಲ್ಲಿನ ಚಡಾವು, ತೋಡಿನ ಮೇಲೆ ಸಣ್ಣ ಮೋರಿ, ಆಮೇಲೆ ಅಂಗಳ. ಈ ಕಾರುಗಳ ತೊಂದರೆ ತಗ್ಗು ಒಂದೇ ಅಲ್ಲ, ಉದ್ದವೂ ಹೌದು. ಸ್ಕೋಡಾ ಸುಪರ್ಬ್ ಎಂಬ ದೊಡ್ಡ ಸೆಡಾನ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 2.84 ಮೀಟರ್. ನೆಲದಿಂದ ಹೊಟ್ಟೆಗೆ ಸುಮಾರು 15 ಸೆಂಟಿಮೀಟರ್. ಕ್ರೆಟಾದಲ್ಲಿ ಇದು 19. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ಇಟ್ಟು ಹಂಪ್ ಹತ್ತಿಸಿದರೆ ಮುಂದಿನ ಚಕ್ರ ಇಳಿಯುವಷ್ಟರಲ್ಲಿ ನಡುಭಾಗ ಹಂಪಿಗೆ ತಾಗುತ್ತದೆ. ಮಳೆಗಾಲದಲ್ಲಿ ಹೊಂಡ ಎಲ್ಲಿದೆ ಅಂತ ಗೊತ್ತಾಗದೆ ಆಯಿಲ್ ಚೇಂಬರ್ ಒಡೆದುಕೊಂಡು ಬಂದ ಕಾರುಗಳನ್ನು ನಾನೇ ರಿಪೇರಿ ಮಾಡಿದ್ದೇನೆ.

ನಮ್ಮೂರಿನದ್ದೇ ಇನ್ನೊಂದು ಕಾರಣ ಇದೆ. ಇಲ್ಲಿ ಮನೆಗೊಬ್ಬರಾದರೂ ಗಲ್ಫಿಗೆ ಹೋದವರು ಸಿಗುತ್ತಾರೆ. ದುಬೈಯಲ್ಲಿ ಕ್ಯಾಮ್ರಿ ಅಂದರೆ ಟ್ಯಾಕ್ಸಿ. ಅಲ್ಲಿ ವರ್ಷಗಟ್ಟಲೆ ಟ್ಯಾಕ್ಸಿಯಾಗಿ ನೋಡಿದ ಕಾರಿಗೆ ಊರಿಗೆ ಬಂದು ಸುಮಾರು 48 ಲಕ್ಷ ಕೊಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಅವರ ಕಣ್ಣಿನಲ್ಲಿ ಇರುವುದು ಅಲ್ಲಿನ ಮುದಲಾಳಿಗಳು, ಅಂದರೆ ಧಣಿಗಳು, ಓಡಿಸುವ ಲ್ಯಾಂಡ್ ಕ್ರೂಸರ್, ನಿಸಾನ್ ಪ್ಯಾಟ್ರೋಲ್‌ನಂಥ ದೊಡ್ಡ ಎಸ್‌ಯುವಿಗಳು. ಹಾಗಾಗಿ ಇಲ್ಲಿ ಫಾರ್ಚೂನರ್ ತಗೊಳ್ಳುತ್ತಾರೆ.

ತೆರಿಗೆಯಿಂದ ಸೆಡಾನ್ ಸೋತಿತು ಅಂತ ಹೇಳುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ದೊಡ್ಡ ಸೆಡಾನಿಗೆ ಜಿಎಸ್‌ಟಿ, ಸೆಸ್ ಸೇರಿ ಶೇ. 48 ಇತ್ತು, ದೊಡ್ಡ ಎಸ್‌ಯುವಿಗೆ ಶೇ. 50. ಹೈಬ್ರಿಡ್ ಸೆಡಾನಿಗೆ ಇನ್ನೂ ಕಡಿಮೆ, ಶೇ. 43. ಆದರೂ ಜನ ಎಸ್‌ಯುವಿ ಕಡೆಗೇ ಹೋದರು. ಈಗ ಈ ಮೂರಕ್ಕೂ ಶೇ. 40. ಕೇರಳದಲ್ಲಿ 20 ಲಕ್ಷ ಮೀರಿದ ಕಾರಿನ ರಸ್ತೆ ತೆರಿಗೆ ಶೇ. 20 ದಾಟುತ್ತದೆ, ಅದೂ ಎರಡು ಜಾತಿಗೂ ಒಂದೇ.

ಕಂಪೆನಿಗಳ ಲೆಕ್ಕ ಬೇರೆ. ಸುಪರ್ಬ್ ಮತ್ತು ಅದೇ ಸ್ಕೋಡಾದ ಎಸ್‌ಯುವಿ ಕೊಡಿಯಾಕ್ ಎರಡಕ್ಕೂ ಅಡಿಪಾಯ ಒಂದೇ. ಎರಡು ಲೀಟರಿನ 190 ಕುದುರೆ ಶಕ್ತಿಯ ಪೆಟ್ರೋಲ್ ಎಂಜಿನ್ ಒಂದೇ ಆಗಿತ್ತು, ಗೇರ್‌ಬಾಕ್ಸ್ ಕೂಡ ಒಂದೇ ಆಗಿತ್ತು. ಅದರ ಮೇಲೆ ಎತ್ತರದ ಬಾಡಿ ಇಟ್ಟರೆ ಏಳು ಸೀಟು ಆಗುತ್ತದೆ, ಗಿರಾಕಿಯೂ ಜಾಸ್ತಿ. ಹೀಗಿರುವಾಗ ಸೆಡಾನ್ ಯಾಕೆ ಮಾಡುತ್ತಾರೆ? ಭಾರತದಲ್ಲಿ ಫೋಕ್ಸ್‌ವ್ಯಾಗನ್ ಪಾಸಾಟ್, ಹೋಂಡಾ ಅಕಾರ್ಡ್ ಎರಡೂ ಸೆಡಾನ್‌ಗಳು 2020ರಲ್ಲಿ ನಿಂತವು. ಸುಪರ್ಬ್ 2023ರಲ್ಲಿ ನಿಂತಿತು. ಮರುವರ್ಷ ಹೊರಗಿನಿಂದ ತರಿಸಿ ಬರೀ 100 ಕಾರು ಮಾರಿದರು, ಬೆಲೆ 54 ಲಕ್ಷ. ಈ ಪೈಕಿ ಕ್ಯಾಮ್ರಿ ಮಾತ್ರ ಉಳಿದಿದೆ, ಅದು ನಮ್ಮ ಬಿಡದಿಯಲ್ಲೇ ಜೋಡಣೆ ಆಗುತ್ತದೆ. ಅಮೆರಿಕದಲ್ಲೂ ಇದೇ ಕಥೆ. ಸೆಡಾನ್ ಬಿಡುತ್ತೇವೆ ಅಂತ ಫೋರ್ಡ್ 2018ರಲ್ಲೇ ಹೇಳಿತು, ಷೆವ್ರೊಲೆಯ ಇಂಪಾಲಾ ಸೆಡಾನ್ 2020ರಲ್ಲಿ ಹೋಯಿತು, ಕ್ರೈಸ್ಲರ್ 300 2023ರಲ್ಲಿ.

ಆದರೆ ಡ್ರೈವರ್ ಇಟ್ಟುಕೊಂಡು ಹಿಂದೆ ಕೂರುವವರು ಇನ್ನೂ ಬಿಟ್ಟಿಲ್ಲ. ಅವರಿಗಾಗಿಯೇ 2024ರಲ್ಲಿ ಮರ್ಸಿಡಿಸ್ ಇ-ಕ್ಲಾಸ್, ಬಿಎಂಡಬ್ಲ್ಯು 5 ಸೀರೀಸ್ ಎರಡೂ ಉದ್ದದ ಮಾದರಿಯಲ್ಲಿ ಬಂದವು. ಓಡುವಾಗಿನ ಸುಖದಲ್ಲಿ ಸೆಡಾನನ್ನು ಎಸ್‌ಯುವಿ ಇವತ್ತಿಗೂ ಮೀರಿಸಿಲ್ಲ. ಭಾರ ಕೆಳಗಿರುವುದರಿಂದ ತಿರುವಿನಲ್ಲಿ ಮೈ ಓಲಾಡುವುದಿಲ್ಲ, ಹಿಂದೆ ಕೂತವರಿಗೆ ವಾಂತಿ ಬರುವುದು ಕಡಿಮೆ. ಇಂಥ ಕಾರುಗಳು ಒಂದೊಂದಾಗಿ ಹೋಗುತ್ತಿರುವುದನ್ನು ನೋಡಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಇನ್ನು ನಿಮ್ಮ ವಿಷಯ. ನೀವು ಬೆಂಗಳೂರಿನಲ್ಲಿ ಓಡಿಸಿ, ತಿಂಗಳಿಗೊಮ್ಮೆ ಊರಿಗೆ ಬರುವುದಾದರೆ ಧೈರ್ಯವಾಗಿ ತಗೊಳ್ಳಿ. ಆದರೆ ಮತ್ತೆ ಮಾರುವಾಗ ಒಳ್ಳೆಯ ರೇಟು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ನಿಮಗೆ ಈಗ ಕಡಿಮೆಗೆ ಸಿಗುವ ಕಾರಣವೇ ಆಗ ನಿಮಗೆ ಎದುರಾಗುತ್ತದೆ. ಹೈಬ್ರಿಡ್ ಬ್ಯಾಟರಿಯ ವಾರಂಟಿ ಉಳಿದಿದೆಯಾ ಅಂತ ಮೊದಲು ಬರಹದಲ್ಲೇ ಕೇಳಿ ತಿಳಿದುಕೊಳ್ಳಿ, ಬ್ಯಾಟರಿಯನ್ನು ಕಂಪೆನಿಯ ಸರ್ವಿಸ್ ಸೆಂಟರ್‌ನಲ್ಲೇ ಚೆಕ್ ಮಾಡಿಸಿ. ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಹಿಂದಿನ ಸೀಟಿನ ಹತ್ತಿರ ಇರುತ್ತದೆ. ಅದು ಧೂಳು ಕಟ್ಟಿದ್ದರೆ ಹಿಂದಿನ ಮಾಲೀಕ ಕಾರನ್ನು ಹೇಗೆ ನೋಡಿಕೊಂಡಿದ್ದಾನೆ ಅಂತ ಅಲ್ಲೇ ಗೊತ್ತಾಗುತ್ತದೆ. ಕಾರನ್ನು ಲಿಫ್ಟಿಗೆ ಹಾಕಿ ಅಡಿಭಾಗ ನೋಡದೆ ಒಂದು ರೂಪಾಯಿಯೂ ಅಡ್ವಾನ್ಸ್ ಕೊಡಬೇಡಿ. ಕಾರನ್ನು ಊರಿನಲ್ಲೇ ಬಿಡುವುದಾದರೆ ಕೇರಳ ರಿಜಿಸ್ಟ್ರೇಶನ್, ತೆರಿಗೆ ಎಲ್ಲ ಸೇರಿಸಿ ಲೆಕ್ಕ ಹಾಕಿ.

ಮುಖ್ಯವಾಗಿ, ಒಂದು ದಿನಕ್ಕೆ ಅಂತ ಅದೇ ಮಾದರಿಯ ಕಾರು ಎಲ್ಲಾದರೂ ಬಾಡಿಗೆಗೆ ಸಿಕ್ಕಿದರೆ ಊರಿಗೆ ತನ್ನಿ. ನಿಮ್ಮ ಅಂಗಳದವರೆಗೆ ಓಡಿಸಿ, ಅಪ್ಪ ಅಮ್ಮ ಇಬ್ಬರನ್ನೂ ನಾಲ್ಕು ಸಲ ಹತ್ತಿಸಿ ಇಳಿಸಿ. ಏನನ್ನೂ ಕೇಳಬೇಡಿ, ಕೇಳಿದರೆ "ಆರಾಮ ಉಂಟು" ಅಂತಲೇ ಹೇಳುತ್ತಾರೆ. ಇಳಿಯುವಾಗ ಅವರ ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಬಾಗಿಲನ್ನೋ ನಿಮ್ಮ ಭುಜವನ್ನೋ ಗಟ್ಟಿಯಾಗಿ ಹಿಡಿದರೆ ಕ್ಯಾಮ್ರಿ ಬೇಡ, ಅದೇ ದುಡ್ಡಿಗೆ ಕ್ರೆಟಾ ತಗೊಳ್ಳಿ.